ಸಹಿ

2010ರ ಮಳೆಗಾಲ. ಪುಣೆಯ ಭೋಸರಿಯಲ್ಲಿ ಒಂದು ಚಾಳಿನ ಮಹಡಿಯ ಕೋಣೆ. ಒಳಗೆ ಮೂರು ಚಾಪೆ, ಒಂದು ಗ್ಯಾಸ್ ಒಲೆ, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಇಂಡಿ ತಾಲ್ಲೂಕಿನಿಂದ ಬಂದ ಅವನು, ತಿರುನೆಲ್ವೇಲಿ ಕಡೆಯ ಒಬ್ಬ ಹುಡುಗ, ಲಾತೂರಿನ ಇನ್ನೊಬ್ಬ. ಮೂವರಿಗೂ ಚಾಕಣ್ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಕೆಲಸ. ಹಿಂದಿ ಮೂವರಿಗೂ ಸರಿಯಾಗಿ ಬರುತ್ತಿರಲಿಲ್ಲ, ಹಾಗಾಗಿ ಮೂವರೂ ಹಿಂದಿಯಲ್ಲೇ ಮಾತಾಡುತ್ತಿದ್ದರು. ತಮಿಳು ಹುಡುಗ ಅವನನ್ನು ‘ಅಣ್ಣಾ’ ಎನ್ನುತ್ತಿದ್ದ. ಅದೊಂದು ಶಬ್ದಕ್ಕೆ ಮಾತ್ರ ತರ್ಜುಮೆ ಬೇಕಿರಲಿಲ್ಲ.

ಅವನದು ಪ್ರೆಸ್ ಶಾಪ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸ. ಊರಲ್ಲಿ ಅವ್ವ ‘ನನ್ನ ಮಗ ಪುಣೆದಾಗ ಇನ್‌ಸ್ಪೆಕ್ಟರ್ ಆಗ್ಯಾನ’ ಎಂದು ಹೇಳಿಕೊಂಡು ಬಂದಿದ್ದರಿಂದ ಕೆಲವರು ಅವನನ್ನು ಪೊಲೀಸ್ ಎಂದೇ ತಿಳಿದಿದ್ದರು. ಒಬ್ಬ ದೂರದ ಮಾವ ಹೊಲದ ಬದುವಿನ ಜಗಳಕ್ಕೆ ಫೋನ್ ಮಾಡಿ ‘ನೀ ಒಂದ್ ಮಾತ್ ಅಲ್ಲಿಂದ ಸ್ಟೇಷನ್ನಿಗೆ ಹೇಳಿಬಿಡಪಾ’ ಅಂದಿದ್ದೂ ಇದೆ. ಅವನು ದಿನವಿಡೀ ನೋಡುತ್ತಿದ್ದುದು ಮಾತ್ರ ತಗಡಿನ ಬ್ರಾಕೆಟ್‌ಗಳ ತೂತುಗಳನ್ನು. ತೂತಿನೊಳಗೆ ಗೇಜ್ ಹೋಗಬೇಕಾದ ಕಡೆ ಹೋಗಬೇಕು, ಹೋಗಬಾರದ ಕಡೆ ಹೋಗಬಾರದು.

ಒಂದು ಭಾನುವಾರ ತಮಿಳು ಹುಡುಗ ಊರಿಂದ ವಾಪಸು ಬಂದವನು ಬ್ಯಾಗಿನಿಂದ ಹಲ್ವದ ಪೊಟ್ಟಣವನ್ನೂ ಒಂದು ಪೆನ್‌ಡ್ರೈವನ್ನೂ ತೆಗೆದ. ಪೆನ್‌ಡ್ರೈವಿನಲ್ಲಿ ಇದ್ದದ್ದು ‘ಸಿಂಗಂ’. ಹರಿ ನಿರ್ದೇಶನ, ಸೂರ್ಯ ನಾಯಕ, ಅನುಷ್ಕಾ ಶೆಟ್ಟಿ ನಾಯಕಿ, ಪ್ರಕಾಶ್ ರಾಜ್ ಖಳ. ಆ ವರ್ಷ ಮೇ ಕೊನೆಯಲ್ಲಿ ತಮಿಳುನಾಡಿನಲ್ಲಿ ಬಿಡುಗಡೆಯಾಗಿತ್ತು. ಹುಡುಗ ಆಗಲೇ ಎರಡು ಸಲ ನೋಡಿದ್ದ. ಮೂರನೆಯ ಸಲ ಇವರಿಬ್ಬರಿಗೆ ಅರ್ಥ ಹೇಳುತ್ತಾ ನೋಡಿದ. ಅರ್ಥ ಹೇಳುವ ಅಗತ್ಯ ಅಷ್ಟೇನೂ ಬೀಳಲಿಲ್ಲ.

ಕತೆ ಇಷ್ಟು. ತೂತ್ತುಕುಡಿ ಸೀಮೆಯ ನಲ್ಲೂರಿನಲ್ಲಿ ದುರೈಸಿಂಗಂ ಎಂಬ ಸಬ್ ಇನ್‌ಸ್ಪೆಕ್ಟರ್. ಊರಿನವನೇ, ಊರಿನವರಿಗೆ ಬೇಕಾದವನು. ಚೆನ್ನೈಯ ದೊಡ್ಡ ರೌಡಿ ಮಯಿಲ್‌ವಾಹನಂ ಒಂದು ಕೇಸಿನಲ್ಲಿ ಷರತ್ತಿನ ಜಾಮೀನು ಪಡೆಯುತ್ತಾನೆ. ನಲ್ಲೂರು ಠಾಣೆಗೆ ಬಂದು ಸಹಿ ಹಾಕಬೇಕೆಂಬುದು ಷರತ್ತು. ಅವನು ಬರುವುದಿಲ್ಲ, ತನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸುತ್ತಾನೆ. ದುರೈಸಿಂಗಂ ಒಪ್ಪುವುದಿಲ್ಲ. ಫೋನಿನಲ್ಲೇ ಗದರಿಸುತ್ತಾನೆ: ಜಾಮೀನು ಯಾರ ಹೆಸರಿಗೋ ಸಹಿ ಹಾಕಲು ಅವನೇ ಬರಬೇಕು. ಮಯಿಲ್‌ವಾಹನಂ ಗಾಡಿಗಳ ಸಾಲು ಕಟ್ಟಿಕೊಂಡು ಬರುತ್ತಾನೆ, ಹಾರಾಡುತ್ತಾನೆ. ಹೊರಗೆ ಇಡೀ ಊರು ನಿಂತಿರುತ್ತದೆ. ಕೊನೆಗೆ ಕುದಿಯುತ್ತಾ ಸಹಿ ಹಾಕಿ ಹೋಗುತ್ತಾನೆ. ಆ ಅವಮಾನ ತೀರಿಸಿಕೊಳ್ಳಲು ಇವನಿಗೆ ಬಡ್ತಿ ಕೊಡಿಸಿ ಚೆನ್ನೈಗೆ, ತನ್ನ ಕೋಟೆಯೊಳಕ್ಕೇ ಎಳೆಸಿಕೊಳ್ಳುತ್ತಾನೆ. ಉಳಿದದ್ದು ಯಾರಾದರೂ ಊಹಿಸಬಹುದು.

ಸಹಿಯ ದೃಶ್ಯ ಬಂದಾಗ ಆ ಕೋಣೆಯಲ್ಲಿ ಮೂವರೂ ಎದ್ದು ನಿಂತಿದ್ದರು. ಲಾತೂರಿನವನಿಗೆ ತಮಿಳಿನ ಒಂದಕ್ಷರ ಬಾರದು, ಆದರೂ ಸೀಟಿ ಹೊಡೆದ. ಕೆಳಗಿನ ಮನೆಯ ಮಾವಶಿ ‘ಕಾಯ್ ಚಾಲ್ಲಂಯ್ ರೇ’ ಎಂದು ಕೂಗಿದ ಮೇಲೆ ದನಿ ತಗ್ಗಿಸಿದರು.

ಇಂಥ ಸಿನಿಮಾಗಳನ್ನು ‘ಫಾರ್ಮುಲಾ’ ಎಂದು ಮೂಗು ಮುರಿಯುವುದು ಸುಲಭ. ಅವನಿಗೆ ಆ ಶಬ್ದ ಬೈಗುಳವಾಗಿ ಕೇಳಿದ್ದೇ ಇಲ್ಲ. ಪ್ರೆಸ್ ಶಾಪ್‌ನಲ್ಲಿ ಕೆಲಸ ಮಾಡುವವನಿಗೆ ಡೈ ಎಂದರೆ ಗೌರವ. ಹತ್ತು ಸಾವಿರ ಸಲ ಹೊಡೆದರೂ ಅದೇ ಅಳತೆಯ ಬ್ರಾಕೆಟ್ ಬೀಳಬೇಕಾದರೆ ಡೈ ಮಾಡಿದವನು ಕಸುಬುದಾರನಾಗಿರಬೇಕು. ಹರಿ ಅಂಥವರು. ಏಳು ವರ್ಷ ಮೊದಲು, 2003ರಲ್ಲಿ, ವಿಕ್ರಂ ಅವರನ್ನು ಇಟ್ಟುಕೊಂಡು ತಿರುನೆಲ್ವೇಲಿಯಲ್ಲಿ ನಡೆಯುವ ‘ಸಾಮಿ’ ಮಾಡಿದ್ದರು. ಅದೂ ಪೊಲೀಸ್ ಕತೆಯೇ. ತಮ್ಮ ಊರಿನ ಸಿನಿಮಾ ಎಂದು ರೂಮಿನ ಹುಡುಗ ಹೆಮ್ಮೆಯಿಂದ ಹೇಳಿದಾಗ ಅವನಿಗೆ ಕತೆ ಎಲ್ಲೋ ಕೇಳಿದಂತೆನಿಸಿತು. ಅವನು ಅದನ್ನು ಕನ್ನಡದಲ್ಲಿ ನೋಡಿದ್ದ, ದರ್ಶನ್ ಅವರ ‘ಅಯ್ಯ’ ಎಂದು. ರೀಮೇಕ್ ಎಂದು ಆಗ ಗೊತ್ತಿರಲಿಲ್ಲ, ಗೊತ್ತಿದ್ದರೂ ಸೀಟಿ ಕಡಿಮೆ ಹೊಡೆಯುತ್ತಿರಲಿಲ್ಲ.

ಹರಿಯವರ ಚಿತ್ರದಲ್ಲಿ ಯಾವುದೂ ಸುಮ್ಮನೆ ನಿಲ್ಲುವುದಿಲ್ಲ. ಗಾಡಿ ಓಡುತ್ತದೆ, ಕ್ಯಾಮೆರಾ ಓಡುತ್ತದೆ, ಮಾತು ಅದಕ್ಕಿಂತ ಮುಂದೆ ಓಡುತ್ತದೆ. ನಾಯಕನಿಗೆ ದೊಡ್ಡ ಕುಟುಂಬ ಇರುತ್ತದೆ, ಊರ ಗುಡಿ ಇರುತ್ತದೆ, ಬಾಳೆಲೆಯ ಊಟ ಇರುತ್ತದೆ. ಹನ್ನೆರಡು ತಾಸಿನ ಪಾಳಿ ಮುಗಿಸಿ ಬಂದು ಕುಕ್ಕರಿನಲ್ಲಿ ಅನ್ನ ಇಟ್ಟುಕೊಂಡು ಕೂತ ಹುಡುಗರಿಗೆ ಆ ಊಟದ ದೃಶ್ಯ ಹೊಡೆದಾಟದಷ್ಟೇ ಮುಖ್ಯ. ವಿಮರ್ಶೆ ಬರೆಯುವವರು ಇದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಊರು ಬಿಟ್ಟು ಬಂದವನಿಗೆ, ಊರಿನವನೊಬ್ಬ ಪಟ್ಟಣಕ್ಕೆ ಹೋಗಿ ಪಟ್ಟಣದ ಸೊಕ್ಕು ಮುರಿಯುವ ಕತೆ ಬೇಕೇ ಬೇಕಾಗುತ್ತದೆ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಎದುರು ತಲೆ ಬಗ್ಗಿಸಿ ಬಂದ ದಿನ ಇನ್ನೂ ಹೆಚ್ಚು.

ಪುಣೆ ಎಂದರೆ ಸಿನಿಮಾವನ್ನು ಗಂಭೀರವಾಗಿ ಓದುವ ಊರೂ ಹೌದು. ‘ಸಂತ ತುಕಾರಾಂ’ ತಯಾರಾದ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಗಿರೀಶ ಕಾಸರವಳ್ಳಿ ಓದಿದ್ದು ಅಲ್ಲಿ, ಗಿರೀಶ ಕಾರ್ನಾಡರು ಎಪ್ಪತ್ತರ ದಶಕದಲ್ಲಿ ನಿರ್ದೇಶಕರಾಗಿದ್ದದ್ದು ಅಲ್ಲಿ. ಭೋಸರಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ಅವನು ಆ ಗೇಟಿನ ಮುಂದೆ ಎಷ್ಟೋ ಸಲ ಹಾದುಹೋಗಿದ್ದಾನೆ, ಒಳಗೆ ಹೋಗಿಲ್ಲ.

ಮರುವರ್ಷ ‘ಸಿಂಗಂ’ ಎರಡು ಸಲ ಮತ್ತೆ ಹುಟ್ಟಿತು. ಮಾರ್ಚಿನಲ್ಲಿ ಕನ್ನಡದಲ್ಲಿ ‘ಕೆಂಪೇಗೌಡ’, ಸುದೀಪ್ ಅವರದೇ ನಿರ್ದೇಶನ. ಜುಲೈನಲ್ಲಿ ಹಿಂದಿಯಲ್ಲಿ ‘ಸಿಂಘಂ’, ರೋಹಿತ್ ಶೆಟ್ಟಿ ನಿರ್ದೇಶನ, ಅಜಯ್ ದೇವಗನ್ ನಾಯಕ, ಖಳನಾಗಿ ಮತ್ತೆ ಪ್ರಕಾಶ್ ರಾಜ್. ಹಿಂದಿಯಲ್ಲಿ ನಲ್ಲೂರು ಹೋಗಿ ಮಹಾರಾಷ್ಟ್ರ–ಗೋವಾ ಗಡಿಯ ಶಿವಗಡ ಎಂಬ ಊರಾಯಿತು, ಚೆನ್ನೈ ಹೋಗಿ ಗೋವಾ ಆಯಿತು, ಮಯಿಲ್‌ವಾಹನಂ ಜೈಕಾಂತ್ ಶಿಕ್ರೆ ಆದ. ನಾಯಕ ಬಾಜೀರಾವ್ ಸಿಂಘಂ ಸಿಟ್ಟು ಬಂದಾಗ ಮರಾಠಿ ಮಾತಾಡುತ್ತಾನೆ. ಪುಣೆಯ ಥೇಟರುಗಳಲ್ಲಿ ಆ ಮಾತಿಗೆ ಏನಾಗುತ್ತಿತ್ತು ಎಂಬುದನ್ನು ಹೇಳಬೇಕಾಗಿಲ್ಲ.

ಅವನಿಗೆ ಆಗ ಮದುವೆಯಾಗಿ ಎರಡು ತಿಂಗಳು. ಹೆಂಡತಿಯನ್ನು ಕರೆದುಕೊಂಡು ಮೊದಲ ಸಲ ಪುಣೆಯಲ್ಲಿ ಸಿನಿಮಾಕ್ಕೆ ಹೋದದ್ದು ಇದಕ್ಕೇ. ಆಕೆಗೆ ಮರಾಠಿ ಹೊಸದು. ಅಕ್ಕಪಕ್ಕದವರೆಲ್ಲ ಎದ್ದು ಕುಣಿದಾಗ ‘ಏನ್ ಅಂದಾರ್ರಿ?’ ಎಂದು ಕೇಳುತ್ತಿದ್ದಳು, ಅವನು ಕಿವಿಯಲ್ಲಿ ಹೇಳುತ್ತಿದ್ದ. ಒಂದು ಕಡೆ ಮಾತ್ರ ಹೇಳಲಿಲ್ಲ. ಕರ್ನಾಟಕದ ಹೆಸರೆತ್ತಿ ಅಲ್ಲಿಂದ ಬರುವವರನ್ನು ಹೀಯಾಳಿಸಿದಂತಿದ್ದ ಮಾತು ಅದು. ಅದಕ್ಕೂ ಚಪ್ಪಾಳೆ ಬಿತ್ತು. ‘ಏನಿಲ್ಲ, ಹಿಂಗ’ ಅಂದ. ಆಕೆಗೆ ಕರ್ನಾಟಕ ಎಂಬ ಶಬ್ದ ಕೇಳಿಸಿತ್ತು, ಮತ್ತೆ ಕೇಳಲಿಲ್ಲ. ಅದೇ ವಾರ ಬೆಂಗಳೂರಿನಲ್ಲಿ ಪ್ರತಿಭಟನೆಯಾಗಿ ಪ್ರದರ್ಶನ ನಿಂತಿತು, ಚಿತ್ರದವರು ಕ್ಷಮೆ ಕೇಳಿ ಆ ಮಾತು ತೆಗೆದರು.

ಅವನಿಗೆ ಅದು ಬಹಳ ದಿನ ಕಾಡಿತು, ಸಿಟ್ಟಿಗಿಂತ ಹೆಚ್ಚಾಗಿ ಒಂದು ವಿಚಿತ್ರ ಪೇಚಾಟವಾಗಿ. ಏಕೆಂದರೆ ಅಷ್ಟರಲ್ಲಿ ‘ಕೆಂಪೇಗೌಡ’ವನ್ನೂ ನೋಡಿದ್ದ, ಅದರಲ್ಲಿ ರವಿಶಂಕರ್ ಮಾಡಿದ ಖಳನ ಅಬ್ಬರಕ್ಕೆ ಮನಸಾರೆ ಕೇಕೆ ಹಾಕಿದ್ದ. ಆ ಖಳನ ಹೆಸರು ಆರ್ಮುಗಂ. ರೂಮಿನ ತಮಿಳು ಹುಡುಗ ಪಕ್ಕದಲ್ಲೇ ಕೂತು ನೋಡಿದ್ದ. ‘ನಮ್ಮ ಚಿಕ್ಕಪ್ಪನ ಹೆಸರೂ ಅದೇ ಅಣ್ಣಾ’ ಎಂದು ನಕ್ಕಿದ್ದ. ತಮಿಳಿನಲ್ಲಿ ಹಳ್ಳಿಗೆ ಎದುರು ಚೆನ್ನೈ, ಕನ್ನಡದಲ್ಲಿ ಕೆಂಪೇಗೌಡನಿಗೆ ಎದುರು ತಮಿಳು ಹೆಸರಿನವನು, ಹಿಂದಿಯಲ್ಲಿ ಗಡಿಯಾಚೆಯವರು. ಡೈ ಅದೇ, ತಗಡು ಮಾತ್ರ ಬೇರೆ ಬೇರೆ. ಎದುರಿಗೆ ನಿಲ್ಲಿಸಲು ಯಾರಾದರೂ ಹೊರಗಿನವನು ಬೇಕು, ಯಾರು ಎಂಬುದು ಟಿಕೆಟ್ ಎಲ್ಲಿ ಮಾರುತ್ತಿದ್ದೀರಿ ಎಂಬುದರ ಮೇಲೆ. ಮುಂದೆ ಹರಿಯವರೇ ‘ಸಿಂಗಂ’ ಎರಡನೆಯ ಭಾಗಕ್ಕೆ ಆಫ್ರಿಕಾದ ಡ್ರಗ್ ದಂಧೆಯವನನ್ನು ತಂದರು, ಮೂರನೆಯದಕ್ಕೆ ಆಸ್ಟ್ರೇಲಿಯಾಕ್ಕೇ ಹೋದರು. ಖಳ ದೂರ ದೂರ ಹೋದ ಹಾಗೆ ನಲ್ಲೂರಿನ ಠಾಣೆಯೂ ಆ ಸಹಿಯ ಪುಸ್ತಕವೂ ಕಾಣದಾದವು. ಮೂರನೆಯದನ್ನು ಅವನು ಪೂರ್ತಿ ನೋಡಲಿಲ್ಲ.

2013ರಲ್ಲಿ ಅವನ ಬೈಕ್ ಕಾಣೆಯಾಯಿತು. ಹೊಸ ಬೈಕ್, ಸಾಲದ ಕಂತು ಇನ್ನೂ ಇಪ್ಪತ್ತು ಬಾಕಿ. ಮಗ ಹುಟ್ಟಿ ಒಂದು ವರ್ಷ. ಸಂಜೆ ಮಾರ್ಕೆಟ್ಟಿನ ಬದಿಯಲ್ಲಿ ನಿಲ್ಲಿಸಿ ಔಷಧ ತರಲು ಹೋಗಿದ್ದ, ಬರುವಷ್ಟರಲ್ಲಿ ಇರಲಿಲ್ಲ. ಟೋ ಮಾಡುವ ಟೆಂಪೊ ಒಯ್ದಿರಬಹುದೆಂದು ಹತ್ತಿರದ ಚೌಕಿಯಲ್ಲಿ ವಿಚಾರಿಸಿದ. ಇಲ್ಲ ಅಂದರು. ಠಾಣೆಗೆ ಹೋದ. ಅಲ್ಲಿದ್ದ ಒಬ್ಬ ಅಧಿಕಾರಿ ಗಟ್ಟಿಮುಟ್ಟಾದ ಮನುಷ್ಯ, ಮೀಸೆ ತಿರುವಿದವನು. ಕುರ್ಚಿ ಕೊಟ್ಟು ಕೂರಿಸಿ, ಪೂರ್ತಿ ಕೇಳಿಸಿಕೊಂಡು, ‘ಎರಡು ತಾಸಿನಲ್ಲಿ ನೋಡಿ’ ಎಂದ. ಅವನಿಗೆ ಎದೆ ತುಂಬಿ ಬಂತು. ಪರಊರಿನಲ್ಲಿ ಇಂಥವನೊಬ್ಬ ಸಿಕ್ಕನಲ್ಲ ಎಂದುಕೊಂಡ.

ಎರಡು ತಾಸು ಬೇಕಾಗಲಿಲ್ಲ. ಬೈಕ್ ನಿಲ್ಲಿಸಿದ ಜಾಗದ ಪಕ್ಕದ ವಡಾಪಾವ್ ಗಾಡಿಯ ಹುಡುಗನನ್ನು ಕರೆತಂದರು. ಹದಿನಾರೋ ಹದಿನೇಳೋ ವರ್ಷ, ಕೈಗೆ ಕಡಲೆಹಿಟ್ಟು ಹತ್ತಿಕೊಂಡಿತ್ತು. ‘ಇವನೇ ಅಲ್ಲವಾ ಅಲ್ಲಿ ನಿಂತಿದ್ದವನು?’ ಎಂದು ಅಧಿಕಾರಿ ಅವನನ್ನು ಕೇಳಿದ. ಅವನು ಹೌದು ಅಂದ. ನಿಂತಿದ್ದದ್ದು ನಿಜವೇ. ಮುಂದಿನದು ಅವನ ಕಣ್ಣೆದುರೇ ಆಯಿತು. ಸಿನಿಮಾದಲ್ಲಿ ಹೊಡೆತಕ್ಕೆ ಗುಡುಗಿನ ಸದ್ದು, ದೇವಿಶ್ರೀ ಪ್ರಸಾದರ ತಮಟೆ, ಹಾರಿ ಬೀಳುವ ದೇಹ. ಅಲ್ಲಿ ಹಾಗಿರಲಿಲ್ಲ. ಒದ್ದೆ ಬಟ್ಟೆ ಕಲ್ಲಿಗೆ ಬಡಿದಂಥ ಸಣ್ಣ ಸದ್ದು. ಹುಡುಗ ಹಾರಿ ಬೀಳಲೂ ಇಲ್ಲ, ಗೋಡೆಗೆ ಒರಗಿಕೊಂಡು ಮುಖಕ್ಕೆ ಕೈ ಅಡ್ಡ ಹಿಡಿದ, ಕೈಯ ಹಿಟ್ಟು ಮುಖಕ್ಕೆ ಹತ್ತಿತು. ನಡುವೆ ಅಧಿಕಾರಿ ಇವನತ್ತ ತಿರುಗಿ ಚಹಾ ತೆಗೆದುಕೊಳ್ಳಿ ಎಂದ. ಅವನು ತೆಗೆದುಕೊಂಡ.

ಮೂರನೆಯ ದಿನ ಬೈಕ್ ಸಿಕ್ಕಿತು. ಟೋ ಟೆಂಪೊದವರೇ ಒಯ್ದು, ಬೇರೆ ವಿಭಾಗದ ಅಂಗಳದಲ್ಲಿ ಇಳಿಸಿದ್ದರು. ದಂಡ ಕಟ್ಟಿ ಬಿಡಿಸಿಕೊಂಡ. ಠಾಣೆಗೆ ಹೋಗಿ ಬೈಕ್ ಸಿಕ್ಕಿದೆ, ದೂರು ಇಲ್ಲ ಎಂದು ಬರೆದುಕೊಟ್ಟು ಸಹಿ ಹಾಕಿದ. ಸಹಿ ಕನ್ನಡದಲ್ಲಿತ್ತು. ಗುಮಾಸ್ತ ಕಾಗದ ತಿರುಗಿಸಿ ನೋಡಿ ‘ಕಾನಡಿ ಕಾ?’ ಎಂದ. ಹುಡುಗನ ವಿಷಯ ಯಾರೂ ಎತ್ತಲಿಲ್ಲ. ಅವನನ್ನು ಅದೇ ರಾತ್ರಿ ಬಿಟ್ಟಿದ್ದರು ಎಂದು ಹೊರಗೆ ಪಾನ್ ಅಂಗಡಿಯವನಿಂದ ಗೊತ್ತಾಯಿತು. ವಡಾಪಾವ್ ಗಾಡಿಯ ಹತ್ತಿರ ಹೋಗಬೇಕೆಂದು ಅವನು ಬಹಳ ಸಲ ಅಂದುಕೊಂಡ. ಔಷಧದ ಅಂಗಡಿ ಬದಲಿಸಿದ.

ಈ ಸಂಗತಿಯನ್ನು ಹೆಂಡತಿಗೂ ಅರ್ಧವೇ ಹೇಳಿದ್ದ: ಬೈಕ್ ಟೋ ಆಗಿತ್ತು, ದಂಡ ಕಟ್ಟಿದೆ, ಅಷ್ಟು.

ತಮಿಳು ಹುಡುಗ ಅಷ್ಟರಲ್ಲಿ ಊರಿಗೆ ಹಿಂತಿರುಗಿ ಮೊಬೈಲ್ ರಿಪೇರಿ ಅಂಗಡಿ ಹಾಕಿಕೊಂಡಿದ್ದ. 2020ರ ಜೂನ್ ಕೊನೆಯಲ್ಲಿ, ಲಾಕ್‌ಡೌನ್ ದಿನಗಳಲ್ಲಿ, ಅವನ ಫೋನ್ ಬಂತು. ಮಾತು ನಡುಗುತ್ತಿತ್ತು. ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂನಲ್ಲಿ ಮೊಬೈಲ್ ಅಂಗಡಿಯ ಜಯರಾಜ್ ಮತ್ತು ಮಗ ಬೆನ್ನಿಕ್ಸ್ ಪೊಲೀಸರ ಕೈಯಲ್ಲಿ ಸತ್ತಿದ್ದರು. ಲಾಕ್‌ಡೌನ್ ವೇಳೆ ಮೀರಿ ಅಂಗಡಿ ತೆರೆದಿದ್ದರು ಎಂಬುದು ಆರೋಪ. ಜೂನ್ 19ರಂದು ಠಾಣೆಗೆ ಒಯ್ದರು, ರಾತ್ರಿಯಿಡೀ ಹೊಡೆದರು, 22ರಂದು ಮಗ ಸತ್ತ, 23ರಂದು ತಂದೆ. ‘ನಮ್ಮದೂ ಅದೇ ಅಂಗಡಿ ಅಣ್ಣಾ, ನಾನೂ ಒಂದು ದಿನ ಹತ್ತು ನಿಮಿಷ ತಡ ಮಾಡಿದ್ದೆ’ ಎಂದ.

ಸಿಂಗಂನ ನಲ್ಲೂರು ಸಿನಿಮಾದಲ್ಲಿ ಇದ್ದದ್ದು ಅದೇ ಸೀಮೆಯಲ್ಲಿ. ಹರಿ ಮೂಲತಃ ಅದೇ ಸೀಮೆಯವರು. ಕೆಲವೇ ದಿನಗಳಲ್ಲಿ ಅವರೊಂದು ಹೇಳಿಕೆ ಕೊಟ್ಟರು: ಪೊಲೀಸರನ್ನು ವೈಭವೀಕರಿಸುವ ಐದು ಸಿನಿಮಾ ಮಾಡಿದ್ದಕ್ಕೆ ತಮಗೆ ಪಶ್ಚಾತ್ತಾಪವಾಗಿದೆ ಎಂದು. ಎರಡು ‘ಸಾಮಿ’, ಮೂರು ‘ಸಿಂಗಂ’. ದುಡ್ಡು ಬಂದ ಮೇಲೆ, ಮೆರೆದ ಮೇಲೆ ಹೇಳುವುದು ಸುಲಭ ಎಂದು ಗೊಣಗಿದವರಿದ್ದಾರೆ. ಆದರೂ ಈ ದೇಶದಲ್ಲಿ ಯಶಸ್ವಿ ನಿರ್ದೇಶಕನೊಬ್ಬ ತನ್ನ ಯಶಸ್ಸನ್ನೇ ಹೆಸರಿಸಿ ತಪ್ಪು ಎಂದದ್ದು ಎಷ್ಟು ಸಲ? ಹಿಂದಿಯಲ್ಲಿ ಅದೇ ಡೈ ಇಟ್ಟುಕೊಂಡು ‘ಸಿಂಬಾ’, ‘ಸೂರ್ಯವಂಶಿ’, ‘ಸಿಂಘಂ ಅಗೇನ್’ ಎಂದು ಕಾರ್ಖಾನೆ ನಡೆಯುತ್ತಲೇ ಇದೆ.

ಸಾತ್ತಾನ್‌ಕುಳಂನಲ್ಲಿ ಇನ್ನೊಂದು ಸಂಗತಿ ನಡೆಯಿತು. ಆ ರಾತ್ರಿ ಠಾಣೆಯಲ್ಲಿ ಕರ್ತವ್ಯದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ರೇವತಿ, ತಾನು ಕಂಡದ್ದನ್ನು ವಿಚಾರಣೆಗೆ ಬಂದ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರು. ಲಾಠಿಗೂ ಮೇಜಿಗೂ ರಕ್ತ ಹತ್ತಿತ್ತು ಎಂದರು. ತನ್ನದೇ ಠಾಣೆಯಲ್ಲಿ, ಸುತ್ತ ತನ್ನದೇ ಮೇಲಿನವರು ನಿಂತಿರುವಾಗ. ಕೇಸು ಸಿಬಿಐಗೆ ಹೋಯಿತು, ಪೊಲೀಸರ ಮೇಲೆ ಕೊಲೆಯ ಆರೋಪಪಟ್ಟಿ ಬಂತು. ರೇವತಿಯವರು ಮಾಡಿದ ಕೆಲಸವನ್ನು ಹರಿಯವರ ಕ್ಯಾಮೆರಾ ಹೇಗೆ ತೆಗೆಯುತ್ತಿತ್ತು? ಅಲ್ಲಿ ಓಡುವಂಥದ್ದು ಏನೂ ಇಲ್ಲ. ಒಬ್ಬ ಹೆಂಗಸು ಕೂತು ಮಾತಾಡುತ್ತಾಳೆ, ಒಬ್ಬರು ಬರೆದುಕೊಳ್ಳುತ್ತಾರೆ, ಕೆಳಗೆ ಸಹಿಯಾಗುತ್ತದೆ.

ಮರುವರ್ಷ ಸೂರ್ಯ ‘ಜೈ ಭೀಮ್’ನಲ್ಲಿ ವಕೀಲ ಚಂದ್ರು ಆದರು. 1993ರಲ್ಲಿ ತಮಿಳುನಾಡಿನಲ್ಲಿ ಕಸ್ಟಡಿಯಲ್ಲಿ ಸತ್ತ ರಾಜಾಕಣ್ಣು ಎಂಬುವರ ಕೇಸು ಅದಕ್ಕೆ ಆಧಾರ. ದುರೈಸಿಂಗಂ ಆಗಿದ್ದ ನಟನೇ ಪೊಲೀಸರ ವಿರುದ್ಧ ಕೋರ್ಟಿನಲ್ಲಿ ವಾದಿಸುತ್ತಾರೆ. ಲಿಂಕ್ ಕಳಿಸಿದ್ದು ತಮಿಳು ಹುಡುಗನೇ. ಅವನು ಅದನ್ನು ಎರಡು ಕಂತಿನಲ್ಲಿ ನೋಡಿದ. ಠಾಣೆಯೊಳಗಿನ ಹೊಡೆತದ ದೃಶ್ಯ ಬಂದಾಗ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದ. ಆ ಸದ್ದು ಸರಿಯಾಗಿತ್ತು.

ಆದರೂ ಒಂದು ಮಾತು ನಿಜ: ‘ಜೈ ಭೀಮ್’ ಅನ್ನು ಅವನು ಮತ್ತೆ ನೋಡಿಲ್ಲ. ‘ಸಿಂಗಂ’ ಟಿವಿಯಲ್ಲಿ ಡಬ್ ಆಗಿ ಬಂದಾಗೆಲ್ಲ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಿಂತುಬಿಡುತ್ತಾನೆ. ಸಹಿಯ ದೃಶ್ಯದವರೆಗೆ ನೋಡಿ ಹೊರಡುತ್ತಾನೆ. ಹಾಗೆ ಯಾಕೆ ಹೊರಡುತ್ತೇನೆ ಎಂಬುದು ಹೊಳೆದದ್ದು ತಡವಾಗಿ. ಆ ದೃಶ್ಯದಲ್ಲಿ ದುರೈಸಿಂಗಂ ಕೇಳುವುದು ಬಹಳ ಸಣ್ಣದು. ಕೋರ್ಟು ಹಾಕಿದ ಷರತ್ತು ಎಲ್ಲರಿಗೂ ಒಂದೇ, ದೊಡ್ಡವನ ಬದಲಿಗೆ ಇನ್ನೊಬ್ಬ ಸಹಿ ಹಾಕುವಂತಿಲ್ಲ. ಗೇಜ್ ಹಿಡಿದು ನಿಂತವನ ಮಾತು ಅದು. ಸಿನಿಮಾದ ಬಲವೆಲ್ಲ ಅಲ್ಲಿದೆ. ಅಲ್ಲಿಂದ ಮುಂದೆ ಚಿತ್ರ ಆ ಪುಸ್ತಕವನ್ನು ಎತ್ತಿಟ್ಟು ಪಿಸ್ತೂಲು ತೆಗೆಯುತ್ತದೆ. ಹಿಂದಿಯಲ್ಲಂತೂ ಕೊನೆಗೆ ಇಡೀ ಪೊಲೀಸ್ ಪಡೆಯೇ ಸೇರಿ ಜೈಕಾಂತ್ ಶಿಕ್ರೆಯನ್ನು ಮುಗಿಸುತ್ತದೆ. ಜಾಮೀನಿನ ಷರತ್ತಿಗಾಗಿ ಪಟ್ಟು ಹಿಡಿದವನಿಗೆ ಕೋರ್ಟೇ ಬೇಡವಾಗುತ್ತದೆ. 2023ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಪೊಲೀಸರದೇ ಒಂದು ಸಭೆಯಲ್ಲಿ ಇದೇ ಕ್ಲೈಮ್ಯಾಕ್ಸನ್ನು ಹೆಸರಿಸಿ ಇಂಥ ಸಂದೇಶ ಅಪಾಯಕಾರಿ ಎಂದರು. ಪತ್ರಿಕೆಗಳಲ್ಲಿ ಬಂತು. ಆ ಪತ್ರಿಕೆಗಳೇ ಕಟ್ಟುನಿಟ್ಟಿನ ಅಧಿಕಾರಿ ಬಂದರೆ ‘ಸಿಂಗಂ’ ಎಂದು ಶೀರ್ಷಿಕೆ ಕೊಡುತ್ತವೆ. ಕರ್ನಾಟಕದಲ್ಲಿದ್ದಾಗ ಅಣ್ಣಾಮಲೈ ಅವರಿಗೆ ಅಂಟಿದ ಹೆಸರು ಅದು, ಅವರು ರಾಜಕೀಯಕ್ಕೆ ಹೋದರೂ ಬಿಡಲಿಲ್ಲ.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಗುದ್ದಿ ಮಧ್ಯಪ್ರದೇಶದ ಇಬ್ಬರು ಎಂಜಿನಿಯರುಗಳು ಸತ್ತರು. ಇಬ್ಬರಿಗೂ ಇಪ್ಪತ್ನಾಲ್ಕು ವರ್ಷ. ಕಾರು ಓಡಿಸುತ್ತಿದ್ದವನಿಗೆ ಹದಿನೇಳು, ಬಿಲ್ಡರ್ ಮನೆಯ ಮಗ. ಅವತ್ತೇ ಜಾಮೀನು ಸಿಕ್ಕಿತು. ಷರತ್ತುಗಳಲ್ಲೊಂದು ರಸ್ತೆ ಅಪಘಾತದ ಬಗ್ಗೆ ಮುನ್ನೂರು ಪದಗಳ ಪ್ರಬಂಧ. ಊರು ಸಿಡಿದುಬಿಟ್ಟಿತು. ಕ್ಯಾಂಟೀನಿನಲ್ಲಿ, ರಿಕ್ಷಾದಲ್ಲಿ, ಸೊಸೈಟಿಯ ವಾಟ್ಸಾಪಿನಲ್ಲಿ ಒಂದೇ ಮಾತು: ಇದಕ್ಕೆ ಸಿಂಘಂ ಬರಬೇಕು. ಆಮೇಲೆ ಆ ಹುಡುಗನ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ಸರ್ಕಾರಿ ಆಸ್ಪತ್ರೆಯ ಇಬ್ಬರು ವೈದ್ಯರು ಬಂಧನಕ್ಕೊಳಗಾದರು. ಮೇಲಿನವರಿಗೆ ಸಮಯಕ್ಕೆ ತಿಳಿಸದ ಇಬ್ಬರು ಪೊಲೀಸ್ ಅಧಿಕಾರಿಗಳು ಅಮಾನತಾದರು. ಮಾದರಿ ಬದಲಾದದ್ದು ಗೊತ್ತಾದದ್ದು, ಬೇರೊಂದು ಆಸ್ಪತ್ರೆಯಲ್ಲಿ ತೆಗೆದಿಟ್ಟ ಇನ್ನೊಂದು ಮಾದರಿಯ ಡಿಎನ್‌ಎ ಜೊತೆ ಹೋಲಿಸಿದಾಗ. ಒಬ್ಬರ ಬದಲಿಗೆ ಇನ್ನೊಬ್ಬರ ರಕ್ತ. ಮಯಿಲ್‌ವಾಹನಂ ಕಳಿಸಿದ ಬದಲಿ ಮನುಷ್ಯನ ನೆನಪಾಯಿತು ಅವನಿಗೆ. ಗೇಜು ಹೋಗಬಾರದ ಕಡೆ ಹೋಗಿತ್ತು, ಯಾರೋ ಎರಡನೆಯ ಸಲ ಅಳತೆ ತೆಗೆದಿದ್ದರಿಂದ ಸಿಕ್ಕಿಬಿತ್ತು.

ಆ ವಾರ ಒಂದು ರಾತ್ರಿ ಊಟಕ್ಕೆ ಕೂತಾಗ ಮಗನೂ ಅದೇ ಮಾತು ತೆಗೆದ. ಅವನಿಗೀಗ ಹನ್ನೆರಡು. ಶಾಲೆಯಲ್ಲಿ ಮರಾಠಿ, ಗೆಳೆಯರೊಂದಿಗೆ ಹಿಂದಿ, ಮನೆಯಲ್ಲಿ ಅಜ್ಜಿಯ ಕನ್ನಡ.

‘ಅಪ್ಪಾ, ಸಿಂಘಂ ಇದ್ದಿದ್ರ ಒಂದ್ ದಿನದಾಗ ಮುಗಿಸ್ತಿದ್ದ.’

ಅವನು ರೊಟ್ಟಿ ಮುರಿಯುತ್ತಾ ಸುಮ್ಮನಿದ್ದ. ಸ್ವಲ್ಪ ಹೊತ್ತಿನ ಮೇಲೆ, ‘ನೀ ಒಂದ್ ವರ್ಷದಾವ ಇದ್ದಿ, ಆಗ ನಮ್ಮ ಬೈಕ್ ಕಳದಿತ್ತು’ ಎಂದು ಶುರು ಮಾಡಿದ. ಈ ಸಲ ಪೂರ್ತಿ ಹೇಳಿದ. ಹೆಂಡತಿ ಸಾರಿನ ಪಾತ್ರೆ ಹಿಡಿದು ನಿಂತು ಕೇಳಿಸಿಕೊಂಡಳು.

‘ಆ ಹುಡುಗ ಕಳ್ಳ ಅಲ್ಲಾಗಿದ್ನಾ?’

‘ಅಲ್ಲ.’

‘ಮತ್ತ ನೀ ಏನ್ ಅಂದಿ?’

‘ಏನೂ ಅನ್ಲಿಲ್ಲ. ಚಹಾ ಕುಡದ್ಯಾ.’

ಮಗ ಅವನ ಮುಖ ನೋಡಿದ. ‘ಆ ಹುಡುಗ ಈಗ ಎಲ್ಲಿದಾನ?’

‘ಗೊತ್ತಿಲ್ಲ’ ಅಂದ. ಹೆಂಡತಿ ಸಾರು ಬಡಿಸಿದಳು.